ಟಾರ್ಟ್‌ನ ತಳ ಯಾಕೆ ಹಸಿಯಾಗಿಯೇ ಉಳಿಯುತ್ತದೆ?

ಪ್ರಶ್ನೆ: ನಾವು ಎರಡು ವರ್ಷದಿಂದ ಫ್ರಾನ್ಸಿನ ನಾಂಸಿಯಲ್ಲಿದ್ದೇವೆ. ಇಲ್ಲಿನ ಟಾರ್ಟ್ (ಹಿಟ್ಟಿನ ಬಟ್ಟಲಲ್ಲಿ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ತಿಂಡಿ) ರುಚಿ ಹತ್ತಿ ಮನೆಯಲ್ಲೇ ಮಾಡೋಕೆ ಶುರು ಮಾಡಿದೆ. ಹೂರಣ ಚೆನ್ನಾಗಿಯೇ ಬರುತ್ತದೆ. ಆದರೆ ತಳ ಹಸಿಹಸಿ. ಬದಿಗಳು ಓವನ್ನಿನೊಳಗೆ ಜಾರಿ ಕುಳ್ಳಗಾಗುತ್ತವೆ. ಒಮ್ಮೊಮ್ಮೆ ಆರಿದ ಚಪಾತಿಯ ಹಾಗೆ ಗಟ್ಟಿ. ಸಿಹಿಗೂ ಖಾರಕ್ಕೂ ಒಂದೇ ಹಿಟ್ಟು ಸಾಕೇ? ನಾವು ಮೊಟ್ಟೆ ತಿನ್ನುತ್ತೇವೆ, ಮಾಂಸ ತಿನ್ನೋದಿಲ್ಲ. ನಮಗೆ ಹೊಂದುವ ಸಾಂಪ್ರದಾಯಿಕ ಖಾರದ ಟಾರ್ಟ್ ಯಾವುದು? ಕೆಲಸದ ದಿನ ಪುರುಸೊತ್ತು ಇರೋದಿಲ್ಲ, ಹಿಟ್ಟು ಮೊದಲೇ ಮಾಡಿಡಬಹುದಾ?

ಉತ್ತರ: ‘ಚಪಾತಿಯ ಹಾಗೆ’ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಹಿಟ್ಟು ಕಂಡರೆ ನಾದೋದು ನಮ್ಮ ಕೈಗೆ ರೂಢಿ. ಹೋಳಿಗೆಯ ಕಣಕವನ್ನೇ ನೆನಪಿಸಿಕೊಳ್ಳಿ. ಚೆನ್ನಾಗಿ ನಾದಿ, ಎಣ್ಣೆ ಹಾಕಿ, ಗಂಟೆಗಟ್ಟಲೆ ನೆನೆಸಿ, ಎಷ್ಟು ಎಳೆದರೂ ಹರಿಯದ ಹಾಗೆ ಮಾಡುತ್ತೇವೆ. ಟಾರ್ಟ್‌ಗೆ ಬೇಕಾದದ್ದು ಇದರ ಉಲ್ಟಾ. ಬೆಂದ ಮೇಲೆ ಅದು ಹಲ್ಲಿಗೆ ಸಿಕ್ಕ ಕೂಡಲೇ ಪುಡಿಪುಡಿಯಾಗಬೇಕು. ಫ್ರೆಂಚರು ಇದರ ಮೂಲ ಹಿಟ್ಟಿಗೆ ಇಟ್ಟ ಹೆಸರು ಪಾತ್ ಬ್ರಿಸೇ. ಬ್ರಿಸೇ ಅಂದರೆ ಮುರಿದದ್ದು.

ನೀವು ಹೇಳಿದ ಮೂರು ತೊಂದರೆಗಳು ಬೇರೆ ಬೇರೆ ಅನ್ನಿಸುತ್ತವೆ. ಮೂಲ ಒಂದೇ, ನೀರು. ಮೈದಾಕ್ಕೆ ನೀರು ಸೇರಿದರೆ ಗ್ಲುಟೆನ್ ಅನ್ನುವ ಜಿಗುಟು ಪ್ರೋಟೀನ್ ಜಾಲ ಕಟ್ಟಿಕೊಳ್ಳುತ್ತದೆ. ನಾದಿದಷ್ಟೂ ಅದು ಬಲವಾಗುತ್ತದೆ, ತಳ ಗಟ್ಟಿಯಾಗುತ್ತದೆ. ಅದೇ ಗ್ಲುಟೆನ್ ಓವನ್ನಿನ ಬಿಸಿಗೆ ರಬ್ಬರ್ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಗ ಬದಿ ಜಾರುತ್ತದೆ. ಇನ್ನು ಹೂರಣದ ನೀರು ಬೇಯದ ಹಿಟ್ಟಿಗೆ ಇಳಿದರೆ ತಳ ಹಸಿಯಾಗಿಯೇ ಉಳಿಯುತ್ತದೆ. ಈ ನೀರನ್ನು ಎಲ್ಲಿ ಹೇಗೆ ತಡೆಯಬೇಕು ಅಂತ ಗೊತ್ತಾದರೆ ಟಾರ್ಟ್ ನಿಮ್ಮ ಕೈಗೆ ಬಂದ ಹಾಗೆ.

ಮೊದಲು ಅಳತೆ. 24 ಸೆಂ.ಮೀ. ಅಚ್ಚಿಗೆ 200 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, 4 ಗ್ರಾಂ ಉಪ್ಪು, 40ರಿಂದ 50 ಮಿ.ಲೀ. ತಣ್ಣೀರು. ಹಿಟ್ಟಿನ ಅರ್ಧ ಬೆಣ್ಣೆ ಅಂತ ನೆನಪಿಟ್ಟರೆ ಸಾಕು. ನಿಮ್ಮಲ್ಲಿ ಅಂಗಡಿಯ ಹಿಟ್ಟಿನ ಪೊಟ್ಟಣದ ಮೇಲೆ ಟಿ45, ಟಿ55, ಟಿ65 ಅಂತ ಇರುತ್ತದೆ. ಟಿ55 ತಗೊಳ್ಳಿ. ಬೆಣ್ಣೆ ಉಪ್ಪಿಲ್ಲದ್ದು ಇರಲಿ. ಫ್ರಾನ್ಸಿನ ಸಾಮಾನ್ಯ ಬೆಣ್ಣೆಯಲ್ಲಿ 82% ಕೊಬ್ಬು ಇರುತ್ತದೆ, ಮಿಕ್ಕದ್ದರಲ್ಲಿ ಬಹುಪಾಲು ನೀರೇ. ಅಲ್ಲಿ ಸಿಗುವ ‘ಹಗುರ’ ಬೆಣ್ಣೆಯನ್ನು ಮಾತ್ರ ಮುಟ್ಟಬೇಡಿ. ಕೊಬ್ಬು ಕಡಿಮೆ ಮಾಡಿದ ಜಾಗಕ್ಕೆ ಅವರು ತುಂಬಿರೋದು ನೀರು.

ಈಗ ಕೈ ಕೆಲಸ. ನಿಪ್ಪಟ್ಟಿಗೋ ಕೋಡುಬಳೆಗೋ ಹಿಟ್ಟಿನಲ್ಲಿ ತುಪ್ಪ ಅಥವಾ ಕಾದ ಎಣ್ಣೆ ಹಾಕಿ ಉಜ್ಜುತ್ತೇವೆ, ಅಲ್ವಾ? ಮುಟಿಗೆ ಹಿಡಿದರೆ ಮುದ್ದೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು. ಅದೇ ಪರೀಕ್ಷೆ ಇಲ್ಲೂ ನಡೆಯುತ್ತದೆ. ಫ್ರೆಂಚರು ಇದಕ್ಕೆ ಸಾಬ್ಲಾಜ್ ಅನ್ನುತ್ತಾರೆ, ಮರಳು ಮಾಡೋದು ಅಂತ. ವ್ಯತ್ಯಾಸ ಒಂದೇ. ನಮ್ಮಲ್ಲಿ ಎಣ್ಣೆ ಬಿಸಿ, ಇಲ್ಲಿ ಬೆಣ್ಣೆ ಫ್ರಿಜ್ಜಿನಿಂದ ಆಗ ತಾನೇ ತೆಗೆದದ್ದು. ಅದನ್ನು ಹೆಸರುಬೇಳೆ ವಡೆಯಷ್ಟಲ್ಲ, ಕಡಲೆಬೀಜದಷ್ಟು ಚೂರು ಮಾಡಿ. ಮೈದಾದಲ್ಲಿ ಹೊರಳಿಸಿ. ಹೆಬ್ಬೆರಳು ಮತ್ತು ಬೆರಳ ತುದಿಗಳ ನಡುವೆ ಹಿಡಿದು ಉಜ್ಜಿ, ಮೇಲಿಂದ ಬಿಡಿ. ಮತ್ತೆ ಎತ್ತಿ, ಉಜ್ಜಿ, ಬಿಡಿ. ಅಂಗೈ ತಾಗಬಾರದು. ಬೆಣ್ಣೆ ಕರಗೋದು ಹತ್ತಿರ ಹತ್ತಿರ 32ರಿಂದ 35 ಡಿಗ್ರಿಗೆ, ಅಂಗೈಯ ಬಿಸಿಯೂ ಅಷ್ಟೇ ಇರುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ಬಿಳಿ ಹಿಟ್ಟು ಸ್ವಲ್ಪ ಹಳದಿಗೆ ತಿರುಗುತ್ತದೆ. ದಪ್ಪ ರವೆಯ ಹಾಗೆ ಕಾಣುತ್ತದೆ. ಅಲ್ಲಲ್ಲಿ ಅವಲಕ್ಕಿಯಷ್ಟು ದೊಡ್ಡ ಬೆಣ್ಣೆ ಚಕ್ಕೆ ಉಳಿದಿದ್ದರೆ ಉಳಿಯಲಿ, ಒಳ್ಳೆಯದೇ.

ಇಷ್ಟು ಮಾಡೋದು ಯಾಕೆ ಅಂದರೆ ಮೈದಾದ ಕಣಗಳಿಗೆ ಈಗ ಬೆಣ್ಣೆಯ ಲೇಪ ಸಿಕ್ಕಿದೆ. ಇನ್ನು ನೀರು ಹಾಕಿದರೂ ಪೂರ್ತಿ ಒಳಗೆ ಹೋಗೋದಿಲ್ಲ. ಅದಕ್ಕೇ ಬೆಣ್ಣೆ ಮೊದಲು, ನೀರು ಆಮೇಲೆ. ನೀರನ್ನು ಚಮಚದಲ್ಲಿ ಚಿಮುಕಿಸಿ, ಫೋರ್ಕಿನಲ್ಲಿ ಕಲಸಿ. ಹಿಟ್ಟು ಒಂದಕ್ಕೊಂದು ಅಂಟುವ ಹಂತಕ್ಕೆ ಬಂದ ತಕ್ಷಣ ನಿಲ್ಲಿಸಿ. ಆಮೇಲೆ ಅಂಗೈಯ ಬುಡದಿಂದ ಒಂದೊಂದೇ ತುಂಡನ್ನು ಮುಂದಕ್ಕೆ ತಳ್ಳಿ, ಒಮ್ಮೆ, ಹೆಚ್ಚೆಂದರೆ ಎರಡು ಸಲ. ಇದು ಫ್ರೇಜಾಜ್. ನಾದೋದು ಅಲ್ಲ, ಬೆಣ್ಣೆಯನ್ನು ಹಿಟ್ಟಿನೊಳಗೆ ಸವರೋದು. ಉಂಡೆ ಮಾಡದೆ ಚಪ್ಪಟೆ ಬಿಲ್ಲೆ ಮಾಡಿ ಸುತ್ತಿ ಫ್ರಿಜ್ಜಿನಲ್ಲಿಡಿ. ಬಿಲ್ಲೆ ಬೇಗ ತಣ್ಣಗಾಗುತ್ತದೆ, ಲಟ್ಟಿಸೋಕೂ ಸುಲಭ. ಕಡೇಪಕ್ಷ ಒಂದು ಗಂಟೆ ಬಿಡಿ. ಎರಡು ಗಂಟೆಯಾದರೆ ಇನ್ನೂ ವಾಸಿ. ಎಷ್ಟೇ ಜಾಗ್ರತೆ ಮಾಡಿದರೂ ಸ್ವಲ್ಪ ಗ್ಲುಟೆನ್ ಕಟ್ಟಿರುತ್ತದೆ, ಅದು ಈ ಹೊತ್ತಿನಲ್ಲಿ ಸಡಿಲವಾಗುತ್ತದೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಏಪ್ರಿಲ್‌ನಲ್ಲಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಅಡುಗೆಮನೆಯೇ ಬೆಣ್ಣೆ ಕರಗುವ ಬಿಸಿಯಲ್ಲಿರುತ್ತದೆ. ಬೆಳಗಿನ ಜಾವ ಮಾಡಿ. ಮೈದಾ, ಬೋಗುಣಿ ಎರಡನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಡಿ. ನಡುವೆ ಹಿಟ್ಟು ಜಿಡ್ಡಾಗಿ ಹೊಳೆಯೋಕೆ ಶುರುವಾದರೆ ಹಟ ಮಾಡಬೇಡಿ, 15 ನಿಮಿಷ ಫ್ರಿಜ್ಜಿಗೆ ಹಾಕಿ ಮತ್ತೆ ಮುಂದುವರಿಸಿ.

ಬದಿ ಜಾರೋದು ಶುರುವಾಗೋದು ಅಚ್ಚಿಗೆ ಕೂರಿಸುವಾಗ. ನಾನು ನಿಮ್ಮ ನಾಂಸಿ ಇರುವ ಲೊರೆನ್ ಪ್ರಾಂತ್ಯದ ಒಂದು ಸಣ್ಣ ಪತಿಸ್ರಿಯಲ್ಲಿ, ಅಂದರೆ ಸಿಹಿತಿಂಡಿಯ ಬೇಕರಿಯಲ್ಲಿ, ಕೆಲಸ ಕಲಿತೆ. ಮೊದಲ ವಾರವೆಲ್ಲ ನನ್ನ ಟಾರ್ಟ್‌ಗಳ ಬದಿ ಒಂದು ಬೆರಳು ಕುಗ್ಗುತ್ತಿತ್ತು. ಅಲ್ಲಿನ ಹಿರಿಯರು ಏನೂ ಹೇಳದೆ ಪಕ್ಕದಲ್ಲಿ ನಿಂತು ಒಂದು ಅಚ್ಚು ತುಂಬಿ ತೋರಿಸಿದರು. ಲಟ್ಟಿಸಿದ ಹಾಳೆಯನ್ನು ಲಟ್ಟಣಿಗೆಗೆ ಸುತ್ತಿ ಅಚ್ಚಿನ ಮೇಲೆ ಸಡಿಲವಾಗಿ ಬಿಟ್ಟರು. ಎಡಗೈಯಲ್ಲಿ ಅಂಚನ್ನು ಎತ್ತಿ ಹಿಡಿದು, ಹಾಳೆ ತನ್ನ ಭಾರಕ್ಕೇ ಮೂಲೆಗೆ ಇಳಿಯುವ ತನಕ ಕಾದರು. ಆಮೇಲೆ ಬಲಗೈ ತೋರುಬೆರಳನ್ನು ಮಡಚಿ, ಅದರ ಗೆಣ್ಣಿನಿಂದ ತಳ ಮತ್ತು ಬದಿ ಸೇರುವ ಕೋನವನ್ನು ಮೆತ್ತಗೆ ಒತ್ತುತ್ತಾ ಅಚ್ಚನ್ನು ಸುತ್ತ ತಿರುಗಿಸಿದರು. ಎಲ್ಲೂ ಎಳೆಯಲಿಲ್ಲ. ನಾನು ಮಾಡುತ್ತಿದ್ದ ತಪ್ಪು ಆಗ ಕಣ್ಣಿಗೆ ಬಿತ್ತು. ಹಾಳೆ ಸಾಲದ ಕಡೆ ನಾನು ಎಳೆದು ಸರಿ ಮಾಡುತ್ತಿದ್ದೆ. ಎಳೆದ ಹಿಟ್ಟು ಓವನ್ನಿನಲ್ಲಿ ತನ್ನ ಮೊದಲಿನ ಜಾಗಕ್ಕೇ ವಾಪಸ್ ಬರುತ್ತದೆ.

ಹಾಗಾಗಿ ಹಾಳೆಯನ್ನು 3 ಮಿ.ಮೀ. ದಪ್ಪಕ್ಕೆ, ಅಚ್ಚಿಗಿಂತ ಐದಾರು ಸೆಂ.ಮೀ. ದೊಡ್ಡದಾಗಿ ಲಟ್ಟಿಸಿ. ನಡುವಿನಿಂದ ಹೊರಕ್ಕೆ ಲಟ್ಟಿಸಿ, ಪ್ರತಿ ಸಲ ಸ್ವಲ್ಪ ತಿರುಗಿಸಿ. ಕೂರಿಸಿದ ಮೇಲೆ ಫೋರ್ಕಿನಿಂದ ತಳಕ್ಕೆ ಚುಚ್ಚಿ. ಅಚ್ಚು ಸಮೇತ ಮತ್ತೆ ಅರ್ಧ ಗಂಟೆ ಫ್ರಿಜ್ಜಿಗೆ. ಈ ಎರಡನೇ ವಿಶ್ರಾಂತಿಯನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಬದಿ ನಿಲ್ಲೋದು ಇದರಿಂದಲೇ. ಹೊರಗೆ ಜೋತ ಅಂಚನ್ನು ತಣ್ಣಗಾದ ಮೇಲೆ ಚಾಕುವಿನಿಂದ ಕತ್ತರಿಸಿ. ಮಿಕ್ಕ ಚೂರನ್ನು ಎಸೆಯಬೇಡಿ, ಬಿರುಕು ಬಿಟ್ಟರೆ ಮೆತ್ತೋಕೆ ಬೇಕಾಗುತ್ತದೆ.

ಈಗ ಹಸಿ ತಳದ ವಿಷಯ. ನೀವು ಹಸಿ ಹಿಟ್ಟಿಗೇ ಹೂರಣ ಸುರಿಯುತ್ತಿದ್ದೀರಿ ಅಂತ ನನ್ನ ಅಂದಾಜು. ಮೊಟ್ಟೆ, ಕ್ರೀಮ್‌ನ ಹೂರಣಕ್ಕೆ ಅದು ಆಗೋದಿಲ್ಲ. ತಳವನ್ನು ಮೊದಲು ಖಾಲಿಯಾಗಿ ಬೇಯಿಸಬೇಕು. ಇದಕ್ಕೆ ಅವರು ಕ್ಯುಯಿಸಾಂ ಅ ಬ್ಲಾಂ ಅನ್ನುತ್ತಾರೆ. ಬೇಕಿಂಗ್ ಕಾಗದವನ್ನು ಒಮ್ಮೆ ಮುದುರಿ ಬಿಡಿಸಿ ತಳದ ಮೇಲೆ ಹಾಸಿ. ಒಣ ಹುರುಳಿಕಾಯಿ ಬೀಜ ಇಲ್ಲವೇ ಅಕ್ಕಿಯನ್ನು ಅಂಚಿನವರೆಗೂ ತುಂಬಿ. ನಡುವಲ್ಲಿ ಸುಮ್ನೆ ಒಂದು ಹಿಡಿ ಹಾಕಿದರೆ ಬದಿಗೆ ಆಸರೆ ಸಿಗೋದಿಲ್ಲ. 190 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಆಮೇಲೆ ಕಾಗದ, ಕಾಳು ತೆಗೆದು ಇನ್ನೂ 8ರಿಂದ 10 ನಿಮಿಷ, ತಳ ಒಣಗಿ ತಿಳಿ ಹೊಂಬಣ್ಣ ಬರುವವರೆಗೆ. ಬೆರಳಿನಿಂದ ಮೆಲ್ಲಗೆ ಸವರಿ ನೋಡಿ. ಬಿಸ್ಕತ್ತಿನ ಹಾಗೆ ಒರಟಾಗಿ, ಒಣಗಿರಬೇಕು. ಕೊನೆಗೆ ಕದಡಿದ ಮೊಟ್ಟೆಯನ್ನು ತೆಳ್ಳಗೆ ಬಳಿದು ಎರಡು ನಿಮಿಷ ಮತ್ತೆ ಓವನ್ನಿಗೆ ಇಡಿ. ಚುಚ್ಚಿದ ತೂತುಗಳೆಲ್ಲ ಮುಚ್ಚಿಕೊಳ್ಳುತ್ತವೆ. ನೀರು ಇಳಿಯೋಕೆ ದಾರಿ ಉಳಿಯೋದಿಲ್ಲ. ಆ ಅಕ್ಕಿಯನ್ನು ಅನ್ನಕ್ಕೆ ಬಳಸಬೇಡಿ, ಡಬ್ಬಿಯಲ್ಲಿಡಿ. ವರ್ಷಗಟ್ಟಲೆ ಇದೇ ಕೆಲಸಕ್ಕೆ ಬರುತ್ತದೆ.

ಅಚ್ಚು ಯಾವುದು ಅಂತ ನೀವು ಬರೆದಿಲ್ಲ. ಪಿಂಗಾಣಿಯದ್ದಾದರೆ ಬದಲಿಸಿ. ಮೇಜಿನ ಮೇಲೆ ಚಂದ ಕಾಣುತ್ತದೆ ನಿಜ, ಆದರೆ ಬಿಸಿ ತಳಕ್ಕೆ ನಿಧಾನ ತಲುಪುತ್ತದೆ. ತೆಳು ಲೋಹದ, ತಳ ಬಿಡಿಯಾಗಿ ಬರುವ ಅಚ್ಚು ತಗೊಳ್ಳಿ. ಒಂದು ಟ್ರೇಯನ್ನು ಓವನ್ನಿನ ಕೆಳಗಿನ ಸಾಲಿನಲ್ಲಿ ಮೊದಲೇ ಕಾಯಿಸಿ, ಅಚ್ಚನ್ನು ಅದರ ಮೇಲಿಡಿ. ಊರಲ್ಲಿ ಓಟಿಜಿ (ಸಣ್ಣ ಕರೆಂಟ್ ಓವನ್) ಇರುವವರು ಮೊದಲ ಹತ್ತು ನಿಮಿಷ ಕೆಳಗಿನ ರಾಡ್ ಮಾತ್ರ ಹಚ್ಚಬಹುದು.

ಖಾರದ ಟಾರ್ಟ್‌ಗೆ ಬರೋಣ. ನೀವಿರುವ ಊರು ಕೀಶ್ ಲೊರೆನ್‌ನ ತವರು. ಸಾಂಪ್ರದಾಯಿಕ ಕೀಶ್‌ನಲ್ಲಿ ಇರೋದು ಮೊಟ್ಟೆ, ಕ್ರೀಮ್ ಮತ್ತು ಲಾರ್ದಾಂ ಅನ್ನುವ ಹಂದಿಮಾಂಸದ ತುಂಡು. ಚೀಸ್ ಇಲ್ಲ. ಲೊರೆನ್‌ನವರು ಇದರಲ್ಲಿ ಬಹಳ ಖಡಕ್ಕು. ಲಾರ್ದಾಂ ತೆಗೆದು ಪನೀರ್ ಹಾಕಿ ಅದನ್ನೇ ಕೀಶ್ ಲೊರೆನ್ ಅನ್ನೋದು ನನಗೂ ಇಷ್ಟವಿಲ್ಲ. ಅದರ ಅಗತ್ಯವೂ ಇಲ್ಲ. ಮಾಂಸವಿಲ್ಲದ ಹಳೆಯ ಟಾರ್ಟ್‌ಗಳು ಫ್ರಾನ್ಸಿನಲ್ಲೇ ಇವೆ.

ನಿಮಗೆ ನನ್ನ ಮೊದಲ ಆಯ್ಕೆ ಫ್ಲಾಮೀಶ್. ಉತ್ತರದ ಪಿಕಾರ್ದಿ ಪ್ರಾಂತ್ಯದ್ದು, ಪುಆರೋ ಅನ್ನುವ ಲೀಕ್ ಸೊಪ್ಪಿನಿಂದ ಮಾಡೋದು. ನಾಲ್ಕು ದಪ್ಪ ಲೀಕ್‌ನ ಬಿಳಿ ಮತ್ತು ತಿಳಿಹಸಿರು ಭಾಗ ಸಾಕು. ಉದ್ದಕ್ಕೆ ಸೀಳಿ ತೊಳೆಯಿರಿ, ಪದರಗಳ ನಡುವೆ ಮರಳು ಕೂತಿರುತ್ತದೆ. ಸಣ್ಣಗೆ ಹೆಚ್ಚಿ, 50 ಗ್ರಾಂ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ ಬಾಡಿಸಿ. ಕೆಂಪಾಗಬಾರದು. ಮೊದಲ ಹತ್ತು ನಿಮಿಷ ಮುಚ್ಚಿಡಿ, ನೀರು ಬಿಡುತ್ತದೆ. ಆಮೇಲೆ ಮುಚ್ಚಳ ತೆಗೆದು ಆ ನೀರು ಪೂರ್ತಿ ಹೋಗುವ ತನಕ ಬಿಡಿ. ಬಾಣಲೆಯ ತಳದಲ್ಲಿ ಸೌಟು ಎಳೆದರೆ ಗೆರೆ ಹಾಗೇ ನಿಲ್ಲಬೇಕು, ನೀರು ಬಂದು ತುಂಬಿಕೊಳ್ಳಬಾರದು. ಎರಡು ಮೊಟ್ಟೆ, ಒಂದು ಹಳದಿ ಭಾಗ, 200 ಮಿ.ಲೀ. ಕ್ರೆಮ್ ಫ್ರೆಶ್ (ಸ್ವಲ್ಪ ಹುಳಿಯಾದ ದಪ್ಪ ಕ್ರೀಮ್), ಉಪ್ಪು, ಮೆಣಸು, ಒಂದು ಚಿಟಿಕೆ ಜಾಯಿಕಾಯಿ ಪುಡಿ ಕದಡಿ ಸೇರಿಸಿ. ಬೆಂದ ತಳಕ್ಕೆ ಸುರಿದು 180 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಪಿಕಾರ್ದಿಯಲ್ಲಿ ಮೇಲೂ ಒಂದು ಹಿಟ್ಟಿನ ಮುಚ್ಚಳ ಹಾಕಿ ಮಾಡೋದುಂಟು. ಮೊದಮೊದಲು ತೆರೆದದ್ದೇ ಮಾಡಿ.

ಓವನ್ನಿನಿಂದ ಯಾವಾಗ ತೆಗೆಯಬೇಕು ಅನ್ನೋದರಲ್ಲೂ ನೀರಿನ ಲೆಕ್ಕವಿದೆ. ಅಚ್ಚನ್ನು ಮೆಲ್ಲಗೆ ಅಲುಗಿಸಿ. ಅಂಚು ಗಟ್ಟಿಯಾಗಿ, ನಡುವೆ ಒಂದು ಅಂಗೈಯಷ್ಟು ಜಾಗ ಗಿಣ್ಣಿನ ಹಾಗೆ ತುಳುಕಿದರೆ ಸರಿ, ತೆಗೆಯಿರಿ. ಉಳಿದ ಬಿಸಿಗೆ ಅದೂ ನಿಲ್ಲುತ್ತದೆ. ಹೂರಣ ಉಬ್ಬಿ ಗುಳ್ಳೆ ಬರುವ ತನಕ ಕಾದರೆ ಮೊಟ್ಟೆ ಬಿಗಿದುಕೊಂಡು ನೀರನ್ನು ಹಿಂಡಿ ಹೊರಹಾಕುತ್ತದೆ. ಅಷ್ಟು ಜೋಪಾನ ಮಾಡಿದ ತಳ ಕೊನೇ ಐದು ನಿಮಿಷದಲ್ಲಿ ನೆನೆಯುತ್ತದೆ.

ನಿಮ್ಮ ಪಕ್ಕದ ಅಲ್ಸಾಸ್‌ನ ಈರುಳ್ಳಿ ಟಾರ್ಟ್ ಕೂಡ ಇದೇ ದಾರಿಯದು. 800 ಗ್ರಾಂ ಈರುಳ್ಳಿಯನ್ನು 40 ನಿಮಿಷ ನಿಧಾನಕ್ಕೆ ಬಾಡಿಸಬೇಕು. ಅದಕ್ಕೂ ಲಾರ್ದಾಂ ಹಾಕುವವರಿದ್ದಾರೆ, ಹಾಕದವರೂ ಇದ್ದಾರೆ. ನೀಸ್‌ನ ಪಿಸಲಾದಿಯೇರ್ ಹೆಸರು ಕೇಳಿರಬಹುದು. ಅದರಲ್ಲಿ ಆಂಚೊವಿ ಮೀನಿದೆ, ನಿಮಗೆ ಆಗೋದಿಲ್ಲ. ಇನ್ನೊಂದು ಮಾತು. ಹೂರಣಕ್ಕೆ ಕೊಂತೆ ಚೀಸ್ ತುರಿದು ಹಾಕಬೇಕು ಅನ್ನಿಸಿದರೆ ಯೋಚಿಸಿ. ಅದನ್ನು ಹೆಪ್ಪುಗಟ್ಟಿಸೋದು ಕರುವಿನ ಹೊಟ್ಟೆಯಿಂದ ತೆಗೆದ ಪ್ರೆಸ್ಯೂರ್ ಅನ್ನುವ ಕಿಣ್ವದಿಂದ. ಮಾಂಸ ಬೇಡ ಅನ್ನುವವರು ಇದನ್ನು ತಿಳಿದಿರಬೇಕು ಅಂತ ಹೇಳಿದೆ.

ಸಿಹಿ ಟಾರ್ಟ್‌ಗಳಲ್ಲಿ ನೀವು ಮೊದಲು ಮಾಡಬೇಕಾದದ್ದು ಮಿರಾಬೆಲ್‌ನದು. ಗೋಲಿಯಷ್ಟೇ ದೊಡ್ಡ, ಹಳದಿ ಬಣ್ಣದ ಪ್ಲಮ್ ಅದು. ಫ್ರಾನ್ಸಿನಲ್ಲಿ ಬೆಳೆಯುವ ಮಿರಾಬೆಲ್‌ನ ಬಹುಪಾಲು ಲೊರೆನ್‌ನದೇ. 1996ರಿಂದ ಅದಕ್ಕೆ ಐಜಿಪಿ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ನಂಜನಗೂಡು ರಸಬಾಳೆಗೆ ಜಿಐ ಇದ್ದ ಹಾಗೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ನಿಮ್ಮೂರಿನ ಮಾರ್ಕೆಟ್ಟಿನಲ್ಲಿ ಬುಟ್ಟಿಗಟ್ಟಲೆ ಬರುತ್ತದೆ. ಆರು ವಾರ ಮುಗಿದರೆ ಮತ್ತೆ ಮುಂದಿನ ವರ್ಷವೇ.

ಹಣ್ಣು ತುಂಬಾ ರಸ ಬಿಡುತ್ತದೆ. ಅದನ್ನು ತಡೆಯೋಕೆ ಅಲ್ಲಿನ ಮನೆಗಳಲ್ಲಿ ತಳಕ್ಕೆ ಉದುರಿಸೋದು ಏನು ಗೊತ್ತಾ? ಸಣ್ಣ ರವೆ! ಎರಡು ಚಮಚ ಸಾಕು, ರಸವನ್ನೆಲ್ಲ ಹೀರಿಕೊಳ್ಳುತ್ತದೆ. ಬಾದಾಮಿ ಪುಡಿ ಹಾಕುವವರೂ ಇದ್ದಾರೆ. ಹಣ್ಣನ್ನು ಎರಡು ಹೋಳು ಮಾಡಿ ಬೀಜ ತೆಗೆಯಿರಿ. ಸಿಪ್ಪೆ ಕೆಳಗೆ, ಕತ್ತರಿಸಿದ ಭಾಗ ಮೇಲೆ. ಹೊರ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ, ಒತ್ತೊತ್ತಾಗಿ, ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಬೇಯುವಾಗ ಪ್ರತಿ ಹೋಳೂ ತನ್ನ ರಸವನ್ನು ತನ್ನ ಬಟ್ಟಲಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಸಕ್ಕರೆ ಈಗ ಬೇಡ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಹಾಕಿದರೆ ನೀರು ಬಿಡೋದಿಲ್ಲವೇ, ಸಕ್ಕರೆಯೂ ಹಣ್ಣಿಗೆ ಹಾಗೇ ಮಾಡುತ್ತದೆ. 200 ಡಿಗ್ರಿಯಲ್ಲಿ 35 ನಿಮಿಷ ಬೇಯಿಸಿ, ತೆಗೆದ ಮೇಲೆ ಬಿಸಿಯಲ್ಲೇ ಸಕ್ಕರೆ ಉದುರಿಸಿ. ಇಲ್ಲಿ ಮೊಟ್ಟೆಯ ಹೂರಣ ಇಲ್ಲ, ಓವನ್ನಿನಲ್ಲಿ ಹೆಚ್ಚು ಹೊತ್ತು ಇರುತ್ತದೆ. ಹಾಗಾಗಿ ತಳವನ್ನು ಮೊದಲೇ ಬೇಯಿಸದೆ ಇದ್ದರೂ ನಡೆಯುತ್ತದೆ. ಟ್ರೇ ಮಾತ್ರ ಕಾದಿರಲಿ.

ನೀರಿನ ಸಮಸ್ಯೆಯೇ ಬರದ ಹಾಗೆ ಮಾಡಿದ ಟಾರ್ಟ್ ಒಂದಿದೆ, ತಾರ್ತ್ ತಾತಾಂ. ಅದರಲ್ಲಿ ಹಿಟ್ಟು ಬೇಯೋದು ಹಣ್ಣಿನ ಮೇಲೆ! ಓರ್ಲಿಯಾಂಗೆ ದಕ್ಷಿಣದ ಸೊಲೋಂಯ್ ಪ್ರದೇಶದಲ್ಲಿ ಲಮೋತ್-ಬೋವ್ರೋಂ ಅನ್ನುವ ಊರಿದೆ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ರೈಲ್ವೆ ನಿಲ್ದಾಣದ ಎದುರು ಸ್ತೆಫಾನಿ ಮತ್ತು ಕರೋಲಿನ್ ತಾತಾಂ ಅನ್ನುವ ಅಕ್ಕತಂಗಿಯರು ಹೋಟೆಲ್ ನಡೆಸುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿ, ತಂಗಿ ಗಿರಾಕಿಗಳ ಕಡೆ. ಒಂದು ದಿನ ಗಡಿಬಿಡಿಯಲ್ಲಿ ಟಾರ್ಟ್ ತಲೆಕೆಳಗಾಯಿತು ಅಂತ ಕಥೆ ಹೇಳುತ್ತಾರೆ. ಅದು ದಂತಕಥೆ. ಆ ಸೀಮೆಯಲ್ಲಿ ಮಗುಚಿ ಹಾಕುವ ಟಾರ್ಟ್‌ಗಳು ಅವರಿಗಿಂತ ಮೊದಲೇ ಇದ್ದವು. ಸಹೋದರಿಯರ ಕೈರುಚಿಯಿಂದ ಅದಕ್ಕೆ ಅವರ ಹೆಸರು ನಿಂತಿತು.

ಒಲೆಗೂ ಓವನ್ನಿಗೂ ಆಗುವ ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಬೆಣ್ಣೆ, 150 ಗ್ರಾಂ ಸಕ್ಕರೆ ಕರಗಿಸಿ. ಗಟ್ಟಿಯಾದ, ಹುಳಿ ಇರುವ ಎಂಟು ಸೇಬಿನ ದಪ್ಪ ಹೋಳುಗಳನ್ನು ಒತ್ತಾಗಿ ನಿಲ್ಲಿಸಿ. ಒಲೆಯ ಮೇಲೆಯೇ 20ರಿಂದ 25 ನಿಮಿಷ ಬಿಡಿ. ರಸ ಬಂದು, ಕುದಿದು, ಇಂಗಿ, ಜೋನಿಬೆಲ್ಲದ ಬಣ್ಣಕ್ಕೆ ತಿರುಗಬೇಕು. ಇಲ್ಲಿ ಅವಸರ ಮಾಡಿದರೆ ಮಗುಚಿದಾಗ ತೆಳು ಪಾಕ ತಟ್ಟೆ ತುಂಬಾ ಹರಿಯುತ್ತದೆ. ಸ್ವಲ್ಪ ಆರಿದ ಮೇಲೆ ಪಾತ್ ಬ್ರಿಸೇ ಹಾಳೆಯನ್ನು ಹೊದಿಸಿ, ಅಂಚನ್ನು ಒಳಕ್ಕೆ ಸಿಕ್ಕಿಸಿ. 190 ಡಿಗ್ರಿಯಲ್ಲಿ ಅರ್ಧ ಗಂಟೆ. ಹಿಟ್ಟಿಗೆ ಮೇಲಿನಿಂದ ನೇರ ಬಿಸಿ ತಾಗುತ್ತದೆ, ಗರಿಗರಿಯಾಗುತ್ತದೆ. ಹೊರಗೆ ತೆಗೆದು 10ರಿಂದ 15 ನಿಮಿಷ ಕಾದು ತಟ್ಟೆಗೆ ಮಗುಚಿ. ಪೂರ್ತಿ ಆರೋಕೆ ಬಿಟ್ಟರೆ ಪಾಕ ಗಟ್ಟಿಯಾಗಿ ಸೇಬು ಪಾತ್ರೆಗೇ ಅಂಟುತ್ತದೆ.

ಒಂದೇ ಹಿಟ್ಟು ಸಾಕೇ ಅಂತ ಕೇಳಿದ್ದಿರಿ. ಮೇಲೆ ಹೇಳಿದ ಎಲ್ಲದಕ್ಕೂ ಪಾತ್ ಬ್ರಿಸೇ ಸಾಕು, ಸಿಹಿಗೆ ಬೇಕಾದರೆ ಒಂದು ಚಮಚ ಸಕ್ಕರೆ ಸೇರಿಸಿ. ಬೇರೆ ಹಿಟ್ಟು ಬೇಕಾಗೋದು ಹೂರಣವನ್ನು ಓವನ್ನಿಗೆ ಹಾಕದ ಟಾರ್ಟ್‌ಗಳಿಗೆ. ನಿಂಬೆ ಟಾರ್ಟ್, ಸ್ಟ್ರಾಬೆರಿ ಟಾರ್ಟ್ ಅಂಥವು. ಅವಕ್ಕೆ ಪಾತ್ ಸುಕ್ರೇ. 125 ಗ್ರಾಂ ಮೆತ್ತಗಾದ ಬೆಣ್ಣೆಗೆ 90 ಗ್ರಾಂ ಪುಡಿ ಸಕ್ಕರೆ, ಒಂದು ಮೊಟ್ಟೆ, 30 ಗ್ರಾಂ ಬಾದಾಮಿ ಪುಡಿ ಕಲಸಿ, ಕೊನೆಗೆ 250 ಗ್ರಾಂ ಮೈದಾ. ನೀರಿನ ಜಾಗದಲ್ಲಿ ಮೊಟ್ಟೆ, ಜೊತೆಗೆ ಸಕ್ಕರೆ. ಹಾಗಾಗಿ ಅದು ಬಿಸ್ಕತ್ತಿನ ಹಾಗೆ ಬರುತ್ತದೆ, ಕುಗ್ಗೋದು ಕಡಿಮೆ. ಅದನ್ನು ಪೂರ್ತಿ ಬೇಯಿಸಿ, ಆರಿಸಿ, ಆಮೇಲೆ ತುಂಬಿ. ಪಾತ್ ಸಾಬ್ಲೇ ಅಂತ ಮೂರನೆಯದೂ ಇದೆ. ತುಂಬಾ ಪುಡಿಯಾಗುತ್ತದೆ, ಅಚ್ಚಿಗೆ ಕೂರಿಸೋದೇ ಕಷ್ಟ. ಸದ್ಯಕ್ಕೆ ಬಿಡಿ.

ಹಿಟ್ಟು ಧಾರಾಳವಾಗಿ ಮೊದಲೇ ಮಾಡಿಡಬಹುದು. ಬಿಲ್ಲೆ ಮಾಡಿ ಚೆನ್ನಾಗಿ ಸುತ್ತಿದರೆ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಫ್ರೀಜರಿನಲ್ಲಿ ಎರಡು ತಿಂಗಳು. ಹಿಂದಿನ ರಾತ್ರಿ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಸಾಲಿಗೆ ಇಳಿಸಿದರೆ ಬೆಳಿಗ್ಗೆ ಲಟ್ಟಿಸೋಕೆ ಸಿದ್ಧ. ನಾನು ಮಾಡೋದು ಇನ್ನೊಂದು ರೀತಿ. ಭಾನುವಾರ ಎರಡು ಅಚ್ಚಿಗೆ ಹಿಟ್ಟು ಕೂರಿಸಿ, ಹಸಿಯಾಗಿಯೇ ಫ್ರೀಜರಿಗೆ ಹಾಕುತ್ತೇನೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿ ಚೀಲಕ್ಕೆ ಹಾಕುತ್ತೇನೆ. ಬೇಕಾದ ದಿನ ಅದೇ ಅಚ್ಚಿಗೆ ಮತ್ತೆ ಇಟ್ಟು, ಕರಗಿಸದೆ ನೇರವಾಗಿ ಕಾಗದ, ಕಾಳು ತುಂಬಿ ಓವನ್ನಿಗೆ ಇಡೋದು. ಐದು ನಿಮಿಷ ಜಾಸ್ತಿ ಬೇಕಾಗುತ್ತದೆ, ಅಷ್ಟೇ. ಅಷ್ಟು ತಣ್ಣಗಿರುವ ಹಿಟ್ಟಿನ ಬದಿ ಬಹಳ ನೇರವಾಗಿ ನಿಲ್ಲುತ್ತದೆ. ಬೇಯಿಸಿ ಮಿಕ್ಕ ಫ್ಲಾಮೀಶ್ ಇದ್ದರೆ ಮೈಕ್ರೋವೇವ್ ಬೇಡ, ತಳ ಮೆತ್ತಗಾಗುತ್ತದೆ. 160 ಡಿಗ್ರಿ ಓವನ್ನಿನಲ್ಲಿ ಹತ್ತು ನಿಮಿಷ ಇಡಿ. ಓವನ್ ಹಚ್ಚೋಕೆ ಬೇಜಾರಾದರೆ ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ, ಮುಚ್ಚಳ ಹಾಕದೆ ಬಿಸಿ ಮಾಡಿ.